ರೈಲಿನಿಂದ ಇಳಿದವರು ಕಂಡ ಚಿತ್ರಗಳು

ಮುಂಬಯಿಯನ್ನು ದಾಟಿ ಉತ್ತರಕ್ಕೆ ಹೊರಟ ರೈಲು ಸೂರತ್, ವಡೋದರಾ, ಆಣಂದ್, ನಡಿಯಾದ್‌ಗಳನ್ನು ಹಾದು ಅಹಮದಾಬಾದನ್ನು ಸೇರುತ್ತದೆ. ಈ ಹಳಿಯ ಗುಂಟ ಯಾವುದೋ ಒಂದು ನಿಲ್ದಾಣದಲ್ಲಿ ಟ್ರಂಕು, ಹಾಸಿಗೆಯ ಸುರುಳಿಗಳೊಡನೆ ಇಳಿದು, ಮೂರು ವರ್ಷಕ್ಕೆಂದು ಬಂದು ಮೂವತ್ತು ವರ್ಷ ಉಳಿದವರು ನಾವು. ಬ್ಯಾಂಕು, ತೈಲ ಶುದ್ಧೀಕರಣಾಗಾರ, ಬಾಹ್ಯಾಕಾಶ ಕೇಂದ್ರ, ಜವಳಿ ಗಿರಣಿ, ವಿಶ್ವವಿದ್ಯಾಲಯ, ಉಡುಪಿ ಹೋಟೆಲು ಎಂದು ಬಂದ ದಾರಿಗಳು ಬೇರೆ ಬೇರೆ. ಭಾನುವಾರ ಮಧ್ಯಾಹ್ನ ದೂರದರ್ಶನದಲ್ಲಿ ಪ್ರಾದೇಶಿಕ ಭಾಷೆಗಳ ಚಿತ್ರ ಬರುತ್ತಿದ್ದ ಕಾಲದಲ್ಲಿ ಕನ್ನಡದ ಸರದಿ ಎಂದು ಬರುವುದೋ ಎಂದು ಕಾಯುತ್ತಿದ್ದುದು ಮಾತ್ರ ನಮ್ಮೆಲ್ಲರ ಸಮಾನ ಅನುಭವ. ಗುಜರಾತಿ ಚಿತ್ರ ಬಂದ ವಾರ ಟಿ.ವಿ. ಆರಿಸಿ ನಿದ್ದೆಗೆ ಹೋಗುತ್ತಿದ್ದೆವು ಎಂಬುದನ್ನೂ ಇಲ್ಲಿಯೇ ಒಪ್ಪಿಕೊಳ್ಳಬೇಕು.

ಆ ನಿದ್ದೆಯ ಸಾಲವನ್ನು ಈಚೆಗೆ ತೀರಿಸುತ್ತಿದ್ದೇವೆ. ಬಳಗದ ಯಾರಾದರೊಬ್ಬರ ಮನೆಯಲ್ಲಿ ಕಲೆತು, ಒಂದು ಸಲ ಗುಜರಾತಿನ ಹಳೆಯ ಚಿತ್ರ, ಮತ್ತೊಂದು ಸಲ ಕನ್ನಡದ ಹಳೆಯ ಚಿತ್ರ ಎಂಬಂತೆ ನೋಡುತ್ತ ಬಂದಿದ್ದೇವೆ. ನಮ್ಮಲ್ಲಿ ಯಾರೂ ಚಲನಚಿತ್ರ ಶಾಸ್ತ್ರವನ್ನು ಓದಿದವರಲ್ಲ. ಬಿಡುವಿನಲ್ಲಿ ನೋಡುವ ಸಾಮಾನ್ಯ ಪ್ರೇಕ್ಷಕರು. ಆದರೆ ಹೀಗೆ ಜೋಡಿ ಜೋಡಿಯಾಗಿ ನೋಡಿದಾಗ, ಹೆಚ್ಚು ಜನಕ್ಕೆ ತಿಳಿಯದೆ ಉಳಿದ ಕೆಲವು ಚಿತ್ರಗಳ ನಡುವೆ ಒಂದು ಚರಿತ್ರೆಯ ಎಳೆ ಕಾಣತೊಡಗಿತು. ಅದನ್ನು ಇಲ್ಲಿ ದಾಖಲಿಸುವುದು ನಮ್ಮ ಉದ್ದೇಶ.

ಸಾಹಿತ್ಯದಲ್ಲಿ ಕನ್ನಡ ಮತ್ತು ಗುಜರಾತಿಗಳ ಹೆಸರನ್ನು ಒಟ್ಟಿಗೆ ಹೇಳುವುದು ನಮಗೆ ಅಭ್ಯಾಸವಾಗಿದೆ. 1967ರ ಜ್ಞಾನಪೀಠ ಪ್ರಶಸ್ತಿಯನ್ನು ಕುವೆಂಪು ಮತ್ತು ಉಮಾಶಂಕರ ಜೋಶಿ ಹಂಚಿಕೊಂಡರು ಎಂಬುದನ್ನು ನಮ್ಮ ರಾಜ್ಯೋತ್ಸವದ ಭಾಷಣಗಳಲ್ಲಿ ಪ್ರತಿವರ್ಷ ಯಾರಾದರೂ ನೆನೆಯುತ್ತಾರೆ. ಚಿತ್ರರಂಗದ ಮಾತು ಬಂದಾಗ ಮಾತ್ರ ಅಂಥ ನೆನಪು ಇಲ್ಲ. ಎರಡೂ ಭಾಷೆಗಳ ಮಾತಿನ ಚಿತ್ರಗಳು ಹುಟ್ಟಿದ ಬಗೆ ನೋಡಿದರೆ ಈ ಮರೆವು ಆಶ್ಚರ್ಯಕರ. ಗುಜರಾತಿಯ ಮೊದಲ ಮಾತಿನ ಚಿತ್ರ ‘ನರಸಿಂಹ ಮೆಹ್ತಾ’ 1932ರಲ್ಲಿ ಮುಂಬಯಿಯ ಸಾಗರ್ ಮೂವಿಟೋನಿನಿಂದ ಬಂತು. ಕನ್ನಡದ ‘ಸತಿ ಸುಲೋಚನ’ 1934ರಲ್ಲಿ ಬಂತು. ಅದರ ಚಿತ್ರೀಕರಣ ನಡೆದದ್ದು ಕೊಲ್ಹಾಪುರದಲ್ಲಿ. ಎಂದರೆ ಎರಡು ಭಾಷೆಗಳೂ ಬೆಳ್ಳಿತೆರೆಯ ಮೇಲೆ ಮಾತು ಕಲಿತದ್ದು ತವರಿನ ಹೊರಗೆ. ಕನ್ನಡ ಚಿತ್ರೋದ್ಯಮ ಬಹುಕಾಲ ಮದರಾಸಿನ ಆಸರೆಯಲ್ಲಿದ್ದು ಕೊನೆಗೆ ಬೆಂಗಳೂರಿಗೆ ಬಂತು. ಗುಜರಾತಿಯ ಪಾಡು ಇನ್ನೂ ಕಷ್ಟದ್ದು. ಅದರ ನೆರೆಮನೆಯೇ ಹಿಂದಿ ಚಿತ್ರರಂಗ. ಹೀಗಾಗಿ ಗುಜರಾತಿನ ಪ್ರತಿಭೆ, ಹಣ, ಪ್ರೇಕ್ಷಕರು ಎಲ್ಲವೂ ಆ ಕಡೆಗೆ ಹರಿದವು. ಸೂರತ್ತಿನಲ್ಲಿ ಹುಟ್ಟಿದ ಹರಿಹರ ಜರೀವಾಲಾ ಸಂಜೀವ್ ಕುಮಾರ್ ಎಂಬ ಹೆಸರಿನಿಂದ ದೇಶಕ್ಕೆಲ್ಲ ಪರಿಚಿತರಾದರು. ಅವರು ಗುಜರಾತಿ ಚಿತ್ರದಲ್ಲಿಯೂ ನಟಿಸಿದ್ದರೆಂಬುದು ಸೂರತ್ತಿನಲ್ಲಿ ದಶಕಗಳಿಂದ ಇರುವ ನಮ್ಮವರಿಗೂ ತಿಳಿದಿರಲಿಲ್ಲ.

ನಮ್ಮ ಎಳೆ ಆರಂಭವಾಗುವುದು 1969ರಲ್ಲಿ. ಆ ವರ್ಷ ಗುಜರಾತಿನ ನೆಲದ ಮೇಲೆ ಹುಟ್ಟಿದ ಎರಡು ಚಿತ್ರಗಳು ರಾಷ್ಟ್ರಪ್ರಶಸ್ತಿ ಪಡೆದವು. ಮೊದಲನೆಯದು ಮೃಣಾಲ್ ಸೇನ್ ಅವರ ಹಿಂದಿ ಚಿತ್ರ ‘ಭುವನ್ ಶೋಮ್’. ಅದು ಆ ವರ್ಷದ ಅತ್ಯುತ್ತಮ ಚಿತ್ರವೆಂದು ಪುರಸ್ಕೃತವಾಯಿತು. ಉತ್ಪಲ್ ದತ್ ಅಭಿನಯಿಸಿದ ಬಂಗಾಳಿ ರೈಲ್ವೆ ಅಧಿಕಾರಿ ಹಕ್ಕಿ ಬೇಟೆಗೆಂದು ಸೌರಾಷ್ಟ್ರಕ್ಕೆ ಬರುತ್ತಾನೆ. ಬಿಗುವಿನ, ಒಂಟಿ ಮನುಷ್ಯ. ಹಳ್ಳಿಯ ಹುಡುಗಿ ಗೌರಿ, ಹಕ್ಕಿಗಳು ಹೆದರದಿರಲೆಂದು ಅವನಿಗೆ ಊರಿನ ಉಡುಗೆ ತೊಡಿಸಿ ಮರಳುದಿಬ್ಬಗಳ ನಡುವೆ ಕರೆದೊಯ್ಯುತ್ತಾಳೆ. ಅಧಿಕಾರಿ ಸ್ವಲ್ಪ ಮೆತ್ತಗಾಗಿ ಹಿಂದಿರುಗುತ್ತಾನೆ. ಹೊಸ ಅಲೆಯ ಚರಿತ್ರೆ ಬರೆದವರೆಲ್ಲರೂ ಈ ಚಿತ್ರವನ್ನು ಹೆಸರಿಸುತ್ತಾರೆ.

ಎರಡನೆಯದು ಕಾಂತಿಲಾಲ್ ರಾಠೋಡ್ ನಿರ್ದೇಶಿಸಿದ ‘ಕಂಕು’. ಅದೇ ವರ್ಷದ ಅತ್ಯುತ್ತಮ ಗುಜರಾತಿ ಚಿತ್ರವೆಂಬ ಪ್ರಶಸ್ತಿ ಇದಕ್ಕೆ ಸಂದಿತು. ಕನ್ನಡದ ವಿಭಾಗದಲ್ಲಿ ಆ ಸಲ ಗೆದ್ದದ್ದು ಪುಟ್ಟಣ್ಣ ಕಣಗಾಲರ ‘ಗೆಜ್ಜೆಪೂಜೆ’ ಎಂದರೆ ನಮ್ಮ ಓದುಗರಿಗೆ ಕಾಲ ಮನಸ್ಸಿಗೆ ಬಂದೀತು. ‘ಕಂಕು’ವಿನ ಮೂಲ ಪನ್ನಾಲಾಲ್ ಪಟೇಲರ ಕಥೆ; ಮುಂದೆ 1985ರ ಜ್ಞಾನಪೀಠ ಪಡೆದ ಲೇಖಕ ಅವರು. ನಾಯಕಿ ಪಲ್ಲವಿ ಮೆಹ್ತಾ ಅವರಿಗೆ ಶಿಕಾಗೋ ಚಿತ್ರೋತ್ಸವದಲ್ಲಿ ನಟನೆಗಾಗಿ ಪ್ರಶಸ್ತಿ ಬಂತು. ಇಷ್ಟಾದರೂ ನಮ್ಮ ಗುಜರಾತಿ ನೆರೆಹೊರೆಯಲ್ಲಿ ವಿಚಾರಿಸಿದಾಗ ಹೆಸರು ಕೇಳಿದ್ದವರು ಕೆಲವರು, ನೋಡಿದ್ದವರು ಒಬ್ಬಿಬ್ಬರು.

ಒಂದೇ ವರ್ಷ, ಒಂದೇ ರಾಜ್ಯದ ಹಳ್ಳಿಗಾಡು, ಎರಡಕ್ಕೂ ಪ್ರಶಸ್ತಿ. ಒಂದು ಪ್ರಸಿದ್ಧವಾಯಿತು, ಇನ್ನೊಂದು ಮರೆಯಾಯಿತು. ಭಾಷೆಯ ವ್ಯಾಪ್ತಿ ಇದಕ್ಕೆ ಮುಖ್ಯ ಕಾರಣವಿದ್ದೀತು. ನಮಗೆ ತೋರಿದ ಮತ್ತೊಂದು ಕಾರಣವೂ ಇದೆ. ‘ಭುವನ್ ಶೋಮ್’ ಹೊರಗಿನವನ ಕಣ್ಣಿನಿಂದ ಹಳ್ಳಿಯನ್ನು ನೋಡುತ್ತದೆ. ದೇಶದ ಯಾವ ಮೂಲೆಯ ಓದಿದ ಪ್ರೇಕ್ಷಕನೂ ಆ ಅಧಿಕಾರಿಯ ಪಕ್ಕದಲ್ಲಿ ನಿಂತುಕೊಳ್ಳಬಹುದು. ‘ಕಂಕು’ವಿನಲ್ಲಿ ಅಂಥ ಅತಿಥಿ ಯಾರೂ ಇಲ್ಲ. ಒಳಗಿನವರ ನಡುವೆ ನಡೆಯುವ ಕಥೆಗೆ ನಾವಾಗಿಯೇ ಒಳಗೆ ಹೋಗಬೇಕು.

ಕಂಕು ಒಕ್ಕಲು ಮನೆತನದ ಹೆಣ್ಣು. ಎಳೆಯ ವಯಸ್ಸಿನಲ್ಲೇ ಗಂಡ ತೀರಿಕೊಳ್ಳುತ್ತಾನೆ. ಮತ್ತೆ ಮದುವೆಯಾಗೆಂದು ಜನ ಹೇಳಿದರೂ ಒಪ್ಪದೆ, ಹೊಲ ಗೇಯ್ದು ಮಗನನ್ನು ಬೆಳೆಸುತ್ತಾಳೆ. ಊರಿನ ಸಾಹುಕಾರ ಮಲಕಚಂದನಿಗೆ ಅವಳ ಮೇಲೆ ಗೌರವ; ಕಾಳುಕಡ್ಡಿ, ಸಾಲ ಕೊಡುತ್ತ ಬರುತ್ತಾನೆ. ಮಗನ ಮದುವೆಯ ಖರ್ಚಿಗೆಂದು ಅವಳು ಹಣ ಕೇಳಲು ಹೋದಾಗ, ವರ್ಷಗಳ ಕಾಲ ಇಬ್ಬರೂ ಕಾಯ್ದುಕೊಂಡಿದ್ದ ಅಂತರ ಒಂದು ಗಳಿಗೆಯಲ್ಲಿ ಕುಸಿಯುತ್ತದೆ. ಅವಳು ಬಸುರಿಯಾಗುತ್ತಾಳೆ. ಊರು ಗುಸುಗುಸು ಮಾತಾಡುತ್ತದೆ, ಕೊನೆಗೆ ಅವಳಿಗೆ ಮತ್ತೊಬ್ಬನೊಡನೆ ಮದುವೆ ಮಾಡಿಸುತ್ತದೆ. ಚಿತ್ರದಲ್ಲಿ ಖಳನಾಯಕರಿಲ್ಲ. ನಮ್ಮ ಬಳಗದ ಹೆಂಗಸರಿಗೆ ಎಲ್ಲಕ್ಕಿಂತ ಹೆಚ್ಚು ಹಿಡಿಸಿದ್ದು ಇದೇ.

ಇದನ್ನು ನೋಡಿದ ಕೆಲವೇ ವಾರಗಳಲ್ಲಿ ಗಿರೀಶ ಕಾಸರವಳ್ಳಿಯವರ ‘ಘಟಶ್ರಾದ್ಧ’ವನ್ನು ನೋಡಿದೆವು. ಅನಂತಮೂರ್ತಿಯವರ ಕಥೆಯನ್ನಾಧರಿಸಿದ, 1977ರ ಸ್ವರ್ಣಕಮಲ ವಿಜೇತ ಚಿತ್ರ. ಅಲ್ಲಿಯೂ ಎಳೆಯ ವಿಧವೆ, ಅಲ್ಲಿಯೂ ಬಸಿರು. ಆದರೆ ಮಲೆನಾಡಿನ ಅಗ್ರಹಾರದ ಯಮುನೆಗೆ ಮತ್ತೊಂದು ಮದುವೆಯ ಬಾಗಿಲು ಇಲ್ಲ. ಬದುಕಿರುವಾಗಲೇ ಅವಳ ಶ್ರಾದ್ಧ ನಡೆಯುತ್ತದೆ. ಎರಡು ಚಿತ್ರಗಳ ನಡುವಿನ ಅಂತರವನ್ನು ಗುಜರಾತಿಗರಿಗೂ ಕನ್ನಡಿಗರಿಗೂ ಇರುವ ಅಂತರವೆಂದು ನಾವು ಮೊದಲು ತಪ್ಪಾಗಿ ತಿಳಿದೆವು. ನಮ್ಮನ್ನು ತಿದ್ದಿದವರು ಬಾಗಲಕೋಟೆಯ ಕಡೆಯಿಂದ ಬಂದ ಹಿರಿಯರೊಬ್ಬರು. ಇಲ್ಲಿನ ಒಕ್ಕಲು ಸಮುದಾಯಗಳಲ್ಲಿ ‘ನಾತ್ರು’ ಎಂದು ಕರೆಯುವ ವಿಧವಾ ವಿವಾಹದ ಪದ್ಧತಿ ನಮ್ಮ ಉತ್ತರ ಕರ್ನಾಟಕದಲ್ಲಿ ‘ಉಡಿಕೆ’ ಎಂಬ ಹೆಸರಿನಿಂದ ಇತ್ತಲ್ಲ ಎಂದು ಅವರು ನೆನಪಿಸಿದರು. ಕಂಕುವಿನಂಥವರು ಕರ್ನಾಟಕದಲ್ಲಿಯೂ ಇದ್ದರು, ಯಮುನೆಯಂಥವರು ಗುಜರಾತಿನ ಮೇಲ್ಜಾತಿಯ ಮನೆಗಳಲ್ಲಿಯೂ ಇದ್ದರು. ಗೆರೆ ಹಾದುಹೋಗಿದ್ದುದು ಜಾತಿಯ ನಡುವೆ. ಹೀಗೆಂದು ಒಕ್ಕಲುಮನೆಯ ಹೆಣ್ಣಿಗೆ ಬಿಡುಗಡೆ ಇತ್ತೆಂದೂ ಹೇಳುವಂತಿಲ್ಲ. ಕಂಕುವಿನ ಎರಡನೆಯ ಮದುವೆಯನ್ನು ನಿಶ್ಚಯಿಸಿದ್ದು ಕಂಕು ಅಲ್ಲ.

ಈ ಎರಡು ಚಿತ್ರಗಳ ನಡುವೆ ಕಾಲದಲ್ಲಿಯೂ ವಸ್ತುವಿನಲ್ಲಿಯೂ ನಿಲ್ಲುವ ಮೂರನೆಯದೊಂದಿದೆ. ಎಸ್.ಎಲ್. ಭೈರಪ್ಪನವರ ‘ವಂಶವೃಕ್ಷ’ ಕಾದಂಬರಿ 1965ರಲ್ಲಿ ಪ್ರಕಟವಾಯಿತು. 1960ರ ದಶಕದ ಆ ವರ್ಷಗಳಲ್ಲಿ ಅವರು ಆಣಂದ್‌ಗೆ ಅಂಟಿಕೊಂಡಂತಿರುವ ವಲ್ಲಭ ವಿದ್ಯಾನಗರದ ಸರ್ದಾರ್ ಪಟೇಲ್ ವಿಶ್ವವಿದ್ಯಾಲಯದಲ್ಲಿ ತತ್ತ್ವಶಾಸ್ತ್ರದ ಅಧ್ಯಾಪಕರಾಗಿದ್ದರು. ‘ಸತ್ಯ ಮತ್ತು ಸೌಂದರ್ಯ’ದ ಮೇಲಿನ ಅವರ ಸಂಶೋಧನೆಗೆ ಡಾಕ್ಟರೇಟ್ ನೀಡಿದ್ದು ವಡೋದರಾದ ಮಹಾರಾಜ ಸಯಾಜಿರಾವ್ ವಿಶ್ವವಿದ್ಯಾಲಯ. ಆ ಕಾದಂಬರಿಯ ಕಾತ್ಯಾಯಿನಿ ವಿಧವೆ. ಅವಳು ತಾನಾಗಿಯೇ ಮರುಮದುವೆಯನ್ನು ಆರಿಸಿಕೊಳ್ಳುತ್ತಾಳೆ, ಅದರ ಬೆಲೆಯನ್ನೂ ತೆರುತ್ತಾಳೆ. 1971ರಲ್ಲಿ ಬಿ.ವಿ. ಕಾರಂತ ಮತ್ತು ಗಿರೀಶ ಕಾರ್ನಾಡರು ಒಟ್ಟಾಗಿ ಅದನ್ನು ಚಿತ್ರವಾಗಿಸಿದರು, ಕಾತ್ಯಾಯಿನಿಯಾಗಿ ಎಲ್.ವಿ. ಶಾರದಾ ನಟಿಸಿದರು, ನಿರ್ದೇಶನಕ್ಕೆ ರಾಷ್ಟ್ರಪ್ರಶಸ್ತಿ ಬಂತು. ನಂಜನಗೂಡಿನ ಶ್ರೋತ್ರಿಗಳ ಮನೆಯ ಕಥೆಯನ್ನು ಬರೆದ ಲೇಖಕ ನಾವು ದಿನನಿತ್ಯ ಹಾದುಹೋಗುವ ಊರಿನಲ್ಲಿದ್ದರು ಎಂಬುದು ವಡೋದರಾದ ನಮ್ಮ ಕಿರಿಯ ಸದಸ್ಯರಿಗೆ ಹೊಸ ಸುದ್ದಿಯಾಗಿತ್ತು.

ಆಣಂದ್ ಎಂದೊಡನೆ ಬರಬೇಕಾದ ಚಿತ್ರ ‘ಮಂಥನ್’. ಶ್ಯಾಮ್ ಬೆನಗಲ್ ಇದನ್ನು 1976ರಲ್ಲಿ ತೆರೆಗೆ ತಂದರು. ಗುಜರಾತಿನ ಹಾಲು ಉತ್ಪಾದಕರ ಸಂಘಗಳ 5 ಲಕ್ಷ ರೈತರು ತಲಾ 2 ರೂಪಾಯಿ ಕೊಟ್ಟು 10 ಲಕ್ಷ ರೂಪಾಯಿ ಬಂಡವಾಳ ಕೂಡಿಸಿದರು. ಚಿತ್ರದ ಭಾಷೆ ಗುಜರಾತಿಯ ವಾಸನೆಯುಳ್ಳ ಹಿಂದಿ. ನಾವು ತರಕಾರಿ ಅಂಗಡಿಯಲ್ಲಿ ಆಡುವ ಭಾಷೆಗೆ ಹತ್ತಿರದ್ದು. ರೈಲಿನಿಂದ ಇಳಿಯುವ ಪಶುವೈದ್ಯ ಡಾಕ್ಟರ್ ರಾವ್ ಆಗಿ ಗಿರೀಶ ಕಾರ್ನಾಡರಿದ್ದಾರೆ. ಅವರ ತಂಡದ ಚಂದಾವರ್ಕರ್ ಪಾತ್ರದಲ್ಲಿ ಅನಂತನಾಗ್ ಇದ್ದಾರೆ. ಆ ಅಡ್ಡಹೆಸರಿನಲ್ಲಿಯೇ ಉತ್ತರ ಕನ್ನಡದ ಚಂದಾವರ ಅಡಗಿದೆ. ಗಾಡಿ ಆ ದಿನ ಹೊತ್ತಿಗೆ ಸರಿಯಾಗಿ ಬಂದುಬಿಟ್ಟದ್ದರಿಂದ ಸ್ವಾಗತಿಸಬೇಕಾದವರು ತಡವಾಗಿ ಓಡಿಬರುವ ಮೊದಲ ದೃಶ್ಯಕ್ಕೆ ನಮ್ಮ ಕೋಣೆಯಲ್ಲಿ ಎದ್ದ ನಗು ದೊಡ್ಡದು. ನಾವೆಲ್ಲರೂ ಅಂಥದೇ ಪ್ಲಾಟ್‌ಫಾರ್ಮಿನ ಮೇಲೆ ಯಾರನ್ನೋ ಕಾಯುತ್ತ ನಿಂತವರು.

ಚಿತ್ರ ಮುಂದುವರಿದಂತೆ ನಗು ಕಡಿಮೆಯಾಯಿತು. ರಾವ್ ಒಳ್ಳೆಯ ಮನುಷ್ಯ. ಡೈರಿಯ ಖಾಸಗಿ ಒಡೆಯನನ್ನೂ ಊರಿನ ಸರಪಂಚನನ್ನೂ ಎದುರಿಸಿ ಸಹಕಾರ ಸಂಘ ಕಟ್ಟುತ್ತಾನೆ. ಆದರೆ ಊರಿನ ಜಾತಿಯ ಗಂಟುಗಳು ಅವನ ಕೈಗೆ ಬಿಡಿಸಲು ಬರುವಷ್ಟು ಸಡಿಲವಾಗಿಲ್ಲ. ಚಂದಾವರ್ಕರ್ ಊರಿನ ಹುಡುಗಿಯೊಬ್ಬಳ ಬದುಕಿನೊಡನೆ ಹಗುರವಾಗಿ ನಡೆದುಕೊಂಡು ಹೊರಟುಹೋಗಬೇಕಾಗುತ್ತದೆ. ಕೊನೆಗೆ ರಾವ್ ಕೂಡ ರೈಲು ಹತ್ತುತ್ತಾನೆ. ಸಂಘವನ್ನು ಮತ್ತೆ ಎತ್ತಿ ನಿಲ್ಲಿಸುವವನು ನಸೀರುದ್ದೀನ್ ಶಾ ಅಭಿನಯಿಸಿದ ಭೋಲಾ, ಊರಿನ ಕೆಳಜಾತಿಯ ತರುಣ. ಬದಲಾವಣೆ ಒಳಗಿನವರ ಕೈಗೆ ಬಂದಾಗಲೇ ನಿಲ್ಲುತ್ತದೆ ಎಂಬುದು ಚಿತ್ರದ ತೀರ್ಮಾನ. ಅದು ಸರಿಯೇ. ಹೊರಗಿನವನು ಹೊರಟುಹೋಗಬೇಕು ಎಂಬ ಭಾಗವನ್ನು ಮಾತ್ರ ನಾವು ಪೂರ್ತಿ ಒಪ್ಪಲಾರದೆ ಹೋದೆವು. ರಾವ್ ಪಾತ್ರದ ಹಿಂದೆ ನೆರಳಾಗಿ ನಿಂತಿರುವ ವರ್ಗೀಸ್ ಕುರಿಯನ್ ಕೇರಳದವರು. 1949ರಲ್ಲಿ ಆಣಂದ್‌ಗೆ ಬಂದು, ಮರಳಿ ಹೋಗದೆ, 2012ರಲ್ಲಿ ನಡಿಯಾದಿನಲ್ಲಿ ಕೊನೆಯುಸಿರೆಳೆದರು. ತೆರೆಯ ಮೇಲಿನ ರಾವ್ ಹೋದರು, ನೆಲದ ಮೇಲಿನ ಕುರಿಯನ್ ಉಳಿದರು. ಉಳಿದವರ ಕಥೆಯನ್ನು ಯಾರೂ ಚಿತ್ರವಾಗಿಸಿಲ್ಲ ಎಂದು ನಮ್ಮೊಳಗೊಬ್ಬರು ಹೇಳಿದಾಗ ಕೋಣೆ ಸ್ವಲ್ಪ ಹೊತ್ತು ಸುಮ್ಮನಾಯಿತು.

ಅಹಮದಾಬಾದಿಗೆ ಬರೋಣ. ‘ಮಂಥನ್’ ರೂಪುಗೊಳ್ಳುತ್ತಿದ್ದ ದಿನಗಳಲ್ಲಿಯೇ, 1975ರ ಆಗಸ್ಟ್ 1ರಿಂದ ಒಂದು ವರ್ಷ ಕಾಲ, ಇಸ್ರೋ ಸಂಸ್ಥೆ ಅಮೆರಿಕದ ಉಪಗ್ರಹವೊಂದನ್ನು ಬಳಸಿಕೊಂಡು ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ದೂರದರ್ಶನ ಕಾರ್ಯಕ್ರಮಗಳನ್ನು ಮುಟ್ಟಿಸುವ ‘ಸೈಟ್’ ಪ್ರಯೋಗ ನಡೆಸಿತು. ಗುಲ್ಬರ್ಗಾ, ರಾಯಚೂರು, ವಿಜಾಪುರ ಜಿಲ್ಲೆಗಳ ಹಳ್ಳಿಗಳೂ ಅದರಲ್ಲಿದ್ದವು. ಕಾರ್ಯಕ್ರಮಗಳನ್ನು ಉಪಗ್ರಹಕ್ಕೆ ಕಳುಹಿಸುವ ಮುಖ್ಯ ಭೂಕೇಂದ್ರವಿದ್ದುದು ಅಹಮದಾಬಾದಿನಲ್ಲಿ. ಹೈದರಾಬಾದ್ ಕರ್ನಾಟಕದ ಎಷ್ಟೋ ರೈತರು ಜೀವನದಲ್ಲಿ ಮೊದಲ ಬಾರಿಗೆ ಟಿ.ವಿ.ಯಲ್ಲಿ ಕನ್ನಡ ಕೇಳಿದ್ದು ಹೀಗೆ. ಅದೇ ಕಾಲದಲ್ಲಿ ಪಕ್ಕದ ಖೇಡಾ ಜಿಲ್ಲೆಯ ಪಿಜ್ ಗ್ರಾಮದಿಂದ ಸ್ಥಳೀಯ ಹಳ್ಳಿಗಳಿಗೆ ಪ್ರತ್ಯೇಕ ಪ್ರಸಾರ ನಡೆಯುತ್ತಿತ್ತು.

ಇಸ್ರೋದ ಟೆಲಿವಿಷನ್ ಕೆಲಸಕ್ಕೆಂದು ಅಹಮದಾಬಾದಿನಲ್ಲಿ ದುಡಿದವರಲ್ಲಿ ಕೇತನ್ ಮೆಹ್ತಾ ಒಬ್ಬರು. ಸೂರತ್ತಿನ ದಕ್ಷಿಣಕ್ಕಿರುವ ನವಸಾರಿಯಲ್ಲಿ ಹುಟ್ಟಿದವರು, ಪುಣೆಯ ಚಲನಚಿತ್ರ ಸಂಸ್ಥೆಯಲ್ಲಿ ಕಲಿತವರು. ಕಾಸರವಳ್ಳಿಯವರೂ ಹೆಚ್ಚುಕಡಿಮೆ ಅದೇ ವರ್ಷಗಳ ವಿದ್ಯಾರ್ಥಿ. 1974–75ರಲ್ಲಿ ಆ ಸಂಸ್ಥೆಯ ನಿರ್ದೇಶಕರಾಗಿದ್ದವರು ಕಾರ್ನಾಡ್. ಮೆಹ್ತಾ ಅವರ ಮೊದಲ ಕಥಾಚಿತ್ರ ‘ಭವನಿ ಭವಾಯಿ’ 1980ರಲ್ಲಿ ಗುಜರಾತಿಯಲ್ಲಿ ಬಂತು. ರಾಷ್ಟ್ರೀಯ ಭಾವೈಕ್ಯಕ್ಕಾಗಿ ಇರುವ ರಾಷ್ಟ್ರಪ್ರಶಸ್ತಿ ಅದಕ್ಕೆ ದೊರೆಯಿತು. ಭವಾಯಿ ಎಂಬುದು ನಮ್ಮ ಸಣ್ಣಾಟ, ದೊಡ್ಡಾಟಗಳಂತೆ ಇಲ್ಲಿನ ಬಯಲು ನಾಟಕ. ಅದರ ಮೂಲಪುರುಷನೆಂದು ಹೇಳುವ ಅಸಾಯಿತ ಠಾಕರ್ ಸಿದ್ಧಪುರದ ಬ್ರಾಹ್ಮಣ. ಕಣಬಿ ಕುಲದ ಹುಡುಗಿಯೊಬ್ಬಳನ್ನು ಕಾಪಾಡಲು ಅವಳೊಡನೆ ಉಂಡು ಜಾತಿಯಿಂದ ಹೊರಬಿದ್ದನೆಂದು ಐತಿಹ್ಯ. ಮೆಹ್ತಾ ತಮ್ಮ ಚಿತ್ರವನ್ನು ಅರ್ಪಿಸಿದವರಲ್ಲಿ ಈತನೂ ಇದ್ದಾನೆ, ಜರ್ಮನಿಯ ನಾಟಕಕಾರ ಬ್ರೆಕ್ಟ್ ಕೂಡ ಇದ್ದಾನೆ.

ಚಿತ್ರದ ರಾಜ ಒಂದು ವಾವ್ ತೋಡಿಸುತ್ತಾನೆ. ವಾವ್ ಎಂದರೆ ಮೆಟ್ಟಿಲುಬಾವಿ. ಊರಿನಿಂದ ಬಂದ ನೆಂಟರನ್ನು ನಾವು ತಪ್ಪದೆ ಕರೆದೊಯ್ದು ತೋರಿಸುವ ಅಡಾಲಜಿನದು ಅಂಥದೇ. ಬಾವಿಗೆ ನೀರು ಬರಬೇಕಾದರೆ ನರಬಲಿ ಬೇಕೆನ್ನುತ್ತಾರೆ. ಬಲಿಗೆ ಗೊತ್ತಾದವನು ಅಸ್ಪೃಶ್ಯರ ಕೇರಿಯಲ್ಲಿ ಬೆಳೆದ ಜೀವೊ. ಕತ್ತಿಗೆ ಉಗುಳು ಹಿಡಿಯುವ ಮಡಕೆ, ಬೆನ್ನಿಗೆ ಹೆಜ್ಜೆಗುರುತು ಅಳಿಸುವ ಪೊರಕೆ ಕಟ್ಟಿಕೊಂಡು ನಡೆಯಬೇಕಾದ ಜನ ಅವರು. ಪಾಟಣದ ಸಹಸ್ರಲಿಂಗ ಕೆರೆಗಾಗಿ ಪ್ರಾಣ ಕೊಟ್ಟನೆಂದು ಗುಜರಾತಿನ ದಲಿತರು ಪೂಜಿಸುವ ವೀರ ಮಾಯೊನ ಕಥೆ ಇದರ ಬೆನ್ನಿಗಿದೆ. ನಮಗೆ ನೆನಪಾದದ್ದು ಭಾಗೀರಥಿ. ಕೆರೆಗೆ ಹಾರವಾದ ಸೊಸೆಯ ಹಾಡನ್ನು ಶಾಲೆಯಲ್ಲಿ ಕಲಿತು, ಅಮ್ಮಂದಿರ ಬಾಯಲ್ಲಿ ಕೇಳಿ ಬೆಳೆದ ನಮಗೆ ಈ ಬಾವಿ ಅಪರಿಚಿತವಾಗಿ ಕಾಣಲಿಲ್ಲ. ನೀರಿಗಾಗಿ ಯಾರನ್ನು ಕೊಡಬಹುದು ಎಂದು ಊರು ಯೋಚಿಸಿದಾಗ ಅಲ್ಲಿ ಕಿರಿಯ ಸೊಸೆ ಕಾಣಿಸಿದಳು, ಇಲ್ಲಿ ಕೇರಿಯ ಹುಡುಗ ಕಾಣಿಸಿದ.

ಚಿತ್ರಕ್ಕೆ ಎರಡು ಮುಕ್ತಾಯಗಳಿವೆ. ಕಥೆ ಹೇಳುವ ಹಿರಿಯ, ಜೀವೊ ರಾಜನೇ ಕಳೆದುಕೊಂಡಿದ್ದ ಮಗನೆಂದು ಗೊತ್ತಾಗಿ, ಮಡಕೆ ಪೊರಕೆಗಳು ರದ್ದಾಗಿ, ಬಾವಿಗೆ ನೀರು ಬಂದಿತೆಂದು ಸುಖಾಂತ ಮಾಡುತ್ತಾನೆ. ಕೇಳುತ್ತ ಕುಳಿತ ತರುಣನೊಬ್ಬ ಅದನ್ನು ಒಪ್ಪದೆ ಬೇರೆ ಕೊನೆಯನ್ನು ಹೇಳುತ್ತಾನೆ. ಅದರಲ್ಲಿ ಸಾವಿದೆ, ಶಾಪವಿದೆ, ಪ್ರವಾಹವಿದೆ. ಎರಡನೆಯ ಮುಕ್ತಾಯ ಘೋಷಣೆಯಂತಿದೆ ಎಂದು ನಮ್ಮಲ್ಲಿ ಕೆಲವರು ಆಕ್ಷೇಪಿಸಿದರು. 1981ರಲ್ಲಿ ಅಹಮದಾಬಾದಿನಲ್ಲಿದ್ದ ಹಿರಿಯ ಸದಸ್ಯರು ಆಗ ಮಾತನಾಡಿದರು. ಚಿತ್ರ ತಯಾರಾದ ಮರುವರ್ಷವೇ ವೈದ್ಯಕೀಯ ಸೀಟುಗಳ ಮೀಸಲಾತಿಯ ವಿರುದ್ಧ ನಗರದಲ್ಲಿ ಹೊತ್ತಿಕೊಂಡ ಚಳವಳಿ ದಲಿತರ ಮೇಲಿನ ಹಿಂಸೆಯಾಗಿ ತಿರುಗಿತ್ತು. ತಾವು ಆಗ ಬಾಗಿಲು ಹಾಕಿಕೊಂಡು, ಇದು ಈ ಊರಿನವರ ಜಗಳ, ನಮಗೇಕೆ ಎಂದು ಕುಳಿತಿದ್ದುದನ್ನು ಅವರು ಮರೆಮಾಚದೆ ಹೇಳಿದರು. ಚೋಮನಿಗೆ ಭೂಮಿ ಸಿಗದೆ ಹೋದುದಕ್ಕೆ ‘ಚೋಮನ ದುಡಿ’ಯನ್ನು ನೋಡುತ್ತ ಕಣ್ಣೀರಿಟ್ಟವರೂ ಅವರೇ. ದೂರದ ತವರಿನ ಅನ್ಯಾಯಕ್ಕೆ ಮರುಗುವುದು ಸುಲಭವಾಗಿತ್ತು. ಪಕ್ಕದ ಪೋಳಿನಲ್ಲಿ ನಡೆದದ್ದಕ್ಕೆ ನಾವು ಕೇವಲ ಪ್ರೇಕ್ಷಕರಾಗಿದ್ದೆವು.

ಈ ಚರಿತ್ರೆಯ ಇತ್ತೀಚಿನ ಪುಟ 2024ರದು. ಮುಂಬಯಿಯ ಫಿಲ್ಮ್ ಹೆರಿಟೇಜ್ ಫೌಂಡೇಶನ್ ಪುನರುಜ್ಜೀವನಗೊಳಿಸಿದ ‘ಮಂಥನ್’ ಆ ವರ್ಷದ ಮೇ ತಿಂಗಳಲ್ಲಿ ಕಾನ್ ಚಿತ್ರೋತ್ಸವದಲ್ಲಿ ಪ್ರದರ್ಶಿತವಾಯಿತು. ಜೂನ್ ಆರಂಭದಲ್ಲಿ ನಮ್ಮ ಚಿತ್ರಮಂದಿರಗಳಿಗೂ ಬಂತು. ಅದೇ ಸಂಸ್ಥೆ ವಿದೇಶದ ಸಂಸ್ಥೆಗಳೊಡನೆ ಸೇರಿ ಉಳಿಸಿಕೊಂಡ ‘ಘಟಶ್ರಾದ್ಧ’ ವೆನಿಸ್ ಉತ್ಸವದಲ್ಲಿ ಕಾಣಿಸಿಕೊಂಡಿತು. ‘ಮಂಥನ್’ ಅನ್ನು ಉಳಿಸುವ ಕೆಲಸಕ್ಕೆ ಬೆಂಬಲ ನೀಡಿದ್ದು ಅದೇ ಹಾಲು ಒಕ್ಕೂಟ. 2 ರೂಪಾಯಿ ಕೊಟ್ಟು ಚಿತ್ರವನ್ನು ತಮ್ಮದೆಂದುಕೊಂಡವರ ಸಂಸ್ಥೆ 48 ವರ್ಷಗಳ ಅನಂತರವೂ ಅದನ್ನು ತನ್ನದೆಂದಿತು. ಒಂದು ಚಿತ್ರ ಮರೆಯಾಗುವುದಕ್ಕೂ ಉಳಿಯುವುದಕ್ಕೂ ಗುಣವೊಂದೇ ಕಾರಣವಲ್ಲವೆಂದು ನಮಗೆ ಇಲ್ಲಿ ಮನವರಿಕೆಯಾಯಿತು. ಇದು ನಮ್ಮದು ಎನ್ನುವವರು ಬೇಕು. ‘ಕಂಕು’ವಿಗೆ 5 ಲಕ್ಷ ಒಡೆಯರಿರಲಿಲ್ಲ. ಆ ಭಾನುವಾರಗಳಂದು ಟಿ.ವಿ. ಆರಿಸಿದ ನಾವೂ ಅದರ ಪ್ರೇಕ್ಷಕರನ್ನು ಕಡಿಮೆ ಮಾಡಿದವರೇ.

ಈಚಿನ ಕೂಟಗಳಲ್ಲಿ ಒಂದು ಬದಲಾವಣೆ ಆಗಿದೆ. ಮಕ್ಕಳು ಬಂದು ಕುಳಿತುಕೊಳ್ಳುತ್ತಿದ್ದಾರೆ. ಇಲ್ಲಿಯೇ ಹುಟ್ಟಿ ಬೆಳೆದ ಅವರಿಗೆ ಕನ್ನಡ ಮಾತಾಡಲು ಬರುತ್ತದೆ, ಓದಲು ತಡವರಿಸುತ್ತಾರೆ. ಗುಜರಾತಿ ಮಾತ್ರ ನೀರು ಕುಡಿದಷ್ಟು ಸಲೀಸು. ‘ಭವನಿ ಭವಾಯಿ’ಯಲ್ಲಿ ನಮಗೆ ತಿಳಿಯದ ಕಾಠಿಯಾವಾಡಿ ಮಾತುಗಳನ್ನು ಬಿಡಿಸಿ ಹೇಳಿದವರು ಅವರು. ‘ಘಟಶ್ರಾದ್ಧ’ದಲ್ಲಿ ಮಡಕೆ ಒಡೆಯುವುದರ ಅರ್ಥವೇನೆಂದು ಹದಿನಾರರ ಹುಡುಗಿಯೊಬ್ಬಳು ಕೇಳಿದಾಗ, ವಿವರಿಸಬೇಕಾದ ಸರದಿ ನಮ್ಮದಾಯಿತು. ಉತ್ತರ ಹೇಳುವುದು ಸುಲಭವಾಗಿರಲಿಲ್ಲ. ಹೇಳಿ ಮುಗಿಸಿದ ಮೇಲೆ ಅವಳು ಇನ್ನೊಂದು ಪ್ರಶ್ನೆ ಕೇಳಿದಳು: ಕಂಕುವಿನ ಊರಿನಲ್ಲಿ ಯಮುನೆ ಹುಟ್ಟಿದ್ದರೆ?

ಮುಂದಿನ ತಿಂಗಳು ‘ಕಂಕು’ವನ್ನು ಮತ್ತೊಮ್ಮೆ ನೋಡುವುದೆಂದು ನಿಶ್ಚಯಿಸಿದ್ದೇವೆ. ಈ ಸಲ ಮೇಲಿನ ಮಹಡಿಯ ಗುಜರಾತಿ ಕುಟುಂಬದವರನ್ನೂ ಕರೆದಿದ್ದೇವೆ. ಅವರೂ ಅದನ್ನು ನೋಡಿಲ್ಲವಂತೆ.